ಆರಾಧನೆಗೆ ಬಾರದ ನೆರೆಹೊರೆಯವರಿಗೆ ಸಭೆಯು ಏನು ಸಲ್ಲಿಸಬೇಕು?

ಪ್ರಶ್ನೆ — ಕಿರಿಯ ಕಾರ್ಯದರ್ಶಿ

ಹಿರಿಯರಿಗೂ ಸಹೋದರ ಸಹೋದರಿಯರಿಗೂ ವಂದನೆಗಳು. ನೂರಕ್ಕಿಂತ ತುಸು ಕಡಿಮೆ ಕುಟುಂಬಗಳಿರುವ ಒಂದು ಕ್ರೈಸ್ತ ಸಭೆಯ ಕಾರ್ಯಕಾರಿ ಸಮಿತಿಗೆ ನಾನು ಈ ವರ್ಷವಷ್ಟೇ ಆಯ್ಕೆಯಾಗಿದ್ದೇನೆ. ಮುಂದಿನ ವರ್ಷದ ಆಯವ್ಯಯವನ್ನು ಸಿದ್ಧಪಡಿಸುವಾಗ ಎದ್ದ ಒಂದು ವಿಷಯ ಮೂರು ಸಲ ಕೂಡಿ ಮಾತನಾಡಿದರೂ ಬಗೆಹರಿಯಲಿಲ್ಲ. ಮೇಲ್ನೋಟಕ್ಕೆ ಇದು ಹಣದ ಮಾತು. ಆದರೆ ಅದರೊಳಗೆ ಸಭೆ ಎಂದರೇನು, ಅದು ಯಾರಿಗಾಗಿ ಇದೆ ಎಂಬ ಪ್ರಶ್ನೆಯೇ ಅಡಗಿದೆ ಎಂದು ನನಗೆ ತೋರುತ್ತಿರುವುದರಿಂದ ಇದನ್ನು ಬಲ್ಲವರ ಮುಂದೆ ಇಡುತ್ತಿದ್ದೇನೆ.

ನಮ್ಮ ಆರಾಧನಾಲಯದ ಸುತ್ತಮುತ್ತ ಒಂಟಿಯಾಗಿ ಬದುಕುತ್ತಿರುವ ವೃದ್ಧರು ಹಲವರಿದ್ದಾರೆ. ದುಡಿಮೆಯನ್ನು ಹುಡುಕಿಕೊಂಡು ಬೇರೆಡೆಯಿಂದ ಬಂದು ನೆಲೆಸಿದ ಕುಟುಂಬಗಳೂ ಇವೆ. ಇವರಲ್ಲಿ ಹೆಚ್ಚಿನವರು ನಮ್ಮ ಸಭೆಯವರಲ್ಲ, ಕ್ರೈಸ್ತರೂ ಅಲ್ಲ. ಕಾಣಿಕೆಯ ಹಣದಲ್ಲಿ ಹತ್ತರಲ್ಲೊಂದು ಪಾಲನ್ನು ಇವರಿಗಾಗಿ ತೆಗೆದಿಡಬೇಕು, ಭಾನುವಾರ ಬಿಟ್ಟು ಉಳಿದ ದಿನಗಳಲ್ಲಿ ಬೀಗ ಹಾಕಿಯೇ ಇರುವ ಸಭಾಂಗಣವನ್ನು ಸಂಜೆಯ ಹೊತ್ತು ಮಕ್ಕಳ ಓದಿಗೆ ತೆರೆಯಬೇಕು ಎಂದು ಕೆಲವು ಯುವಕರು ಸೂಚಿಸಿದರು.

ಒಬ್ಬ ಹಿರಿಯರು ಒಡನೆಯೇ ಬೈಬಲಿನಲ್ಲಿ ಅಪೊಸ್ತಲ ಪೌಲನು ಗಲಾತ್ಯದವರಿಗೆ ಬರೆದ ಪತ್ರದ 6ನೆಯ ಅಧ್ಯಾಯದ 10ನೆಯ ವಚನವನ್ನು ಎತ್ತಿ, ಮುಖ್ಯವಾಗಿ ನಂಬಿಕೆಯ ಮನೆತನದವರಿಗೆ ಒಳ್ಳೆಯದನ್ನು ಮಾಡಬೇಕೆಂದು ಪೌಲನೇ ಬರೆದಿರುವಾಗ ನಮ್ಮವರಲ್ಲೇ ಔಷಧಕ್ಕೆ ಹಣವಿಲ್ಲದವರಿರುವ ತನಕ ಹೊರಗಿನವರ ಮಾತು ಏಕೆ ಎಂದು ಕೇಳಿದರು. ಇನ್ನೊಬ್ಬರು, ಬಡವರ ಹೊಣೆ ಸರ್ಕಾರದ್ದು, ಸೇವಾಸಂಸ್ಥೆಗಳೂ ಬೇಕಾದಷ್ಟಿವೆ, ಸುವಾರ್ತೆಯನ್ನು ಸಾರುವ ಕೆಲಸವನ್ನು ಮಾತ್ರ ಸಭೆಯ ಹೊರತು ಬೇರೆ ಯಾರೂ ಮಾಡುವುದಿಲ್ಲ ಎಂದರು. ಮೂರನೆಯವರದು ವಿರೋಧವಲ್ಲ, ಷರತ್ತು: ನೆರವು ಕೊಡೋಣ, ಆದರೆ ಪ್ರತಿ ಪೊಟ್ಟಣದಲ್ಲೂ ಒಂದು ಸುವಾರ್ತಾ ಕರಪತ್ರ ಇರಲಿ, ಇಲ್ಲವಾದರೆ ನಮಗೂ ಒಂದು ಸಮಾಜಸೇವಾ ಸಂಘಕ್ಕೂ ವ್ಯತ್ಯಾಸವೇನು ಎಂಬುದು ಅವರ ವಾದ.

ಮೂವರೂ ನಾನು ಗೌರವಿಸುವವರು. ಮೂವರ ಮಾತಿನಲ್ಲೂ ನನಗೆ ಏನೋ ಸರಿಯೆನಿಸುತ್ತದೆ, ಏನೋ ತಪ್ಪೆನಿಸುತ್ತದೆ. ಯಾವುದು ಸರಿ, ಯಾವುದು ತಪ್ಪು ಎಂದು ಬೇರ್ಪಡಿಸಿ ಹೇಳುವಷ್ಟು ವಾಕ್ಯಜ್ಞಾನ ನನಗಿಲ್ಲದ ಕಾರಣ ಕೂಟದಲ್ಲಿ ಸುಮ್ಮನೆ ಕುಳಿತು ನಡವಳಿಯನ್ನು ಬರೆದುಕೊಂಡೆ. ನಾಲ್ಕನೆಯ ಕೂಟದಲ್ಲಾದರೂ ಮಾತನಾಡಬೇಕೆಂದಿದ್ದೇನೆ.


ಉತ್ತರ — ವಾಕ್ಯಾರ್ಥಿ

ನಿಮ್ಮ ಪ್ರಶ್ನೆಯನ್ನು ಓದಿದಾಗ ಮೊದಲು ನೆನಪಾದದ್ದು ಬೈಬಲಿನ ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯ. ಯೆರೂಸಲೇಮಿನ ಸಭೆಯಲ್ಲಿ ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಭಾಷೆಯನ್ನಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ಗೊಣಗಾಟ ಎದ್ದಿತು. ಯೇಸುವಿನ ಸಂದೇಶವನ್ನು ಸಾರಲು ನೇಮಕವಾಗಿದ್ದ ಹನ್ನೆರಡು ಮಂದಿ ಅಪೊಸ್ತಲರು, ತಾವು ದೇವರ ವಾಕ್ಯವನ್ನು ಬಿಟ್ಟು ಊಟದ ಪಂಕ್ತಿಯನ್ನು ನೋಡಿಕೊಳ್ಳುವುದು ತಕ್ಕದ್ದಲ್ಲವೆಂದು ಹೇಳಿ ಏಳು ಮಂದಿಯನ್ನು ಆರಿಸಿಕೊಳ್ಳುವಂತೆ ಸೂಚಿಸಿದರು. ಸಭೆಯ ನಿಜವಾದ ಕೆಲಸ ವಾಕ್ಯ ಸಾರುವುದು, ಉಳಿದದ್ದೆಲ್ಲ ಎರಡನೆಯ ದರ್ಜೆಯದು ಎನ್ನುವವರು ಈ ಮಾತನ್ನೇ ಆಧಾರವಾಗಿ ಹಿಡಿಯುತ್ತಾರೆ. ಆದರೆ ಮೂಲ ಗ್ರೀಕ್ ಪಾಠವನ್ನು ನೋಡಿದರೆ ಚಿತ್ರ ಬೇರೆಯಾಗುತ್ತದೆ. ವಿಧವೆಯರಿಗೆ ನಡೆಯುತ್ತಿದ್ದ ಹಂಚಿಕೆಗೆ ಈ ಪುಸ್ತಕವನ್ನು ಬರೆದ ಲೂಕನು ಬಳಸುವ ಪದ 'ದಿಯಕೋನಿಯಾ', ಅಂದರೆ ಸೇವೆ, ಪರಿಚಾರ. ಮೂರು ವಚನಗಳ ನಂತರ ಅಪೊಸ್ತಲರು ತಮಗೆಂದು ಉಳಿಸಿಕೊಳ್ಳುವ ಕೆಲಸಕ್ಕೂ ಅವನು ಬಳಸುವುದು ಅದೇ ಪದ: ವಾಕ್ಯದ ದಿಯಕೋನಿಯಾ. ಒಂದು ಅನ್ನದ ಪರಿಚಾರ, ಇನ್ನೊಂದು ವಾಕ್ಯದ ಪರಿಚಾರ. ಕೆಲಸ ಹಂಚಿಕೆಯಾಯಿತೇ ಹೊರತು ಕರೆ ಎರಡಾಗಲಿಲ್ಲ. ಅಪೊಸ್ತಲರು ವಿಧವೆಯರ ಊಟವನ್ನು ನಿಲ್ಲಿಸಿ ಪ್ರಾರ್ಥನೆಗೆ ಹೋಗಲಿಲ್ಲ. ಅದು ಸರಿಯಾಗಿ ನಡೆಯಲೆಂದು ಪವಿತ್ರಾತ್ಮಭರಿತರಾದವರನ್ನೇ ಹುಡುಕಿ, ಅವರ ಮೇಲೆ ಕೈಯಿಟ್ಟು ಪ್ರಾರ್ಥಿಸಿ ನೇಮಿಸಿದರು. ಬಡಿಸುವವರಿಗೆ ಹಸ್ತಾರ್ಪಣೆ ಏಕೆ ಬೇಕಾಯಿತು ಎಂದು ನಿಮ್ಮ ಎರಡನೆಯ ಹಿರಿಯರನ್ನು ಕೇಳಿ ನೋಡಿ.

ಈಗ ಗಲಾತ್ಯ 6:10. ಪೌಲನ ವಾಕ್ಯದಲ್ಲಿ 'ಎಲ್ಲರಿಗೂ' ಎಂಬುದು ಮೊದಲು ಬರುತ್ತದೆ, 'ಮುಖ್ಯವಾಗಿ ನಂಬಿಕೆಯ ಮನೆತನದವರಿಗೆ' ಎಂಬುದು ಆಮೇಲೆ. 'ಮುಖ್ಯವಾಗಿ' ಎಂಬ ಪದ ಒಂದು ಗುಂಪಿಗೆ ಒತ್ತು ಕೊಡುತ್ತದೆ, ಮತ್ತೊಂದನ್ನು ಪಟ್ಟಿಯಿಂದ ಹೊಡೆದು ಹಾಕುವುದಿಲ್ಲ. ನಮ್ಮವರೆಲ್ಲರ ಕೊರತೆ ತೀರಿದ ಮೇಲೆ ಹೊರಗಿನವರ ಸರದಿ ಎಂದು ಅರ್ಥಮಾಡಿದರೆ ಆ ಸರದಿ ಎಂದಿಗೂ ಬರುವುದಿಲ್ಲ. ನಮ್ಮಲ್ಲಿ ಯಾರಿಗೂ ಯಾವ ಕೊರತೆಯೂ ಇಲ್ಲವೆಂದು ಘೋಷಿಸಿದ ಸಭೆಯನ್ನು ನಾನಂತೂ ಕಂಡಿಲ್ಲ. ಹೀಗೆ ಓದಿದರೆ ಪೌಲನು ಬರೆದ 'ಎಲ್ಲರಿಗೂ' ಎಂಬ ಪದಕ್ಕೆ ಕೆಲಸವೇ ಉಳಿಯುವುದಿಲ್ಲ.

ಈ ವಚನವನ್ನು ಪಡೆದ ಗಲಾತ್ಯ ನಾಡಿನಲ್ಲೇ (ಅದು ಇಂದಿನ ಟರ್ಕಿಯಲ್ಲಿದೆ) ಮುಂದೆ ಏನಾಯಿತು ಎಂಬುದಕ್ಕೆ ಒಂದು ವಿಚಿತ್ರ ಸಾಕ್ಷಿಯಿದೆ. ಕ್ರೈಸ್ತ ಧರ್ಮವನ್ನು ತೊರೆದು ರೋಮಿನ ಹಳೆಯ ದೇವತೆಗಳ ಆರಾಧನೆಗೆ ಮತ್ತೆ ಜೀವ ತುಂಬಲು ಹೊರಟ ಚಕ್ರವರ್ತಿ ಜೂಲಿಯನ್, ಕ್ರಿ.ಶ. 362ರ ಸುಮಾರಿಗೆ ಗಲಾತ್ಯ ಪ್ರಾಂತದ ಮುಖ್ಯ ಪೂಜಾರಿ ಅರ್ಸಾಕಿಯಸನಿಗೆ ಒಂದು ಪತ್ರ ಬರೆದನು. ಅವನ ದೂರು ಇಷ್ಟು: ಯೆಹೂದ್ಯರಲ್ಲಿ ಭಿಕ್ಷೆ ಬೇಡುವವರಿಲ್ಲ, ಆ 'ಗಲಿಲಾಯದವರು' (ಕ್ರೈಸ್ತರನ್ನು ಅವನು ಕರೆಯುತ್ತಿದ್ದುದು ಹಾಗೆ) ತಮ್ಮ ಬಡವರನ್ನಲ್ಲದೆ ನಮ್ಮ ಬಡವರನ್ನೂ ಪೋಷಿಸುತ್ತಿದ್ದಾರೆ, ನಮ್ಮವರಿಗೆ ನಾವೇ ನೆರವಾಗುತ್ತಿಲ್ಲವೆಂಬುದು ಎಲ್ಲರ ಕಣ್ಣಿಗೆ ಬೀಳುತ್ತಿದೆ. ಪ್ರತಿ ಪಟ್ಟಣದಲ್ಲೂ ಅಪರಿಚಿತರಿಗೆ ತಂಗುದಾಣಗಳನ್ನು ಕಟ್ಟಿಸೆಂದು ಆಜ್ಞಾಪಿಸಿ, ಗಲಾತ್ಯಕ್ಕೆ ವರ್ಷಕ್ಕೆ 'ಮೋದಿ' ಎಂಬ ರೋಮನ್ ಅಳತೆಯಲ್ಲಿ 30,000ದಷ್ಟು ಧಾನ್ಯವನ್ನೂ ಮಂಜೂರು ಮಾಡಿದನು. ಪೌಲನ ಪತ್ರ ತಲುಪಿ ಸುಮಾರು ಮುನ್ನೂರು ವರ್ಷಗಳಾದ ಮೇಲೆ, ಅದೇ ಹೆಸರಿನ ಪ್ರಾಂತದಲ್ಲಿ, 'ಎಲ್ಲರಿಗೂ' ಎಂಬ ಪದವನ್ನು ಸಭೆ ಹೇಗೆ ಓದಿಕೊಂಡಿತ್ತು ಎಂಬುದಕ್ಕೆ ಶತ್ರುವಿನ ಸಾಕ್ಷಿಗಿಂತ ಹೆಚ್ಚಿನದು ಬೇಕಿಲ್ಲ.

ಚರಿತ್ರೆಯನ್ನು ಒಂದೇ ಕಡೆಗೆ ಎಳೆಯಬಾರದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎರಡನೆಯ ಶತಮಾನದ ನಡುವೆ ರೋಮಿನಲ್ಲಿದ್ದ ಕ್ರೈಸ್ತ ಬರಹಗಾರ ಜಸ್ಟಿನನು ಭಾನುವಾರದ ಆರಾಧನೆಯನ್ನು ವರ್ಣಿಸುವಾಗ, ಉಳ್ಳವರು ಮನಸ್ಸಿಗೆ ಬಂದಷ್ಟು ಕೊಟ್ಟ ಹಣವನ್ನು ಸಭೆಯ ಮುಖ್ಯಸ್ಥನು ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ, ತಂಗಲು ಬಂದ ಪರಸ್ಥಳದವರಿಗೆ ಬಳಸುತ್ತಾನೆಂದು ಬರೆಯುತ್ತಾನೆ. 251ರಲ್ಲಿ ರೋಮಿನ ಸಭಾಧ್ಯಕ್ಷ ಕೊರ್ನೇಲಿಯನು ಬರೆದ ಪತ್ರದ ಪ್ರಕಾರ ಆ ಸಭೆ ಸಾಕುತ್ತಿದ್ದ ವಿಧವೆಯರೂ ಸಂಕಷ್ಟದಲ್ಲಿದ್ದವರೂ 1,500ಕ್ಕಿಂತ ಹೆಚ್ಚು. ಇವರಲ್ಲಿ ಬಹುಪಾಲು ಜನ ಸಭೆಯವರೇ ಆಗಿದ್ದಿರಬೇಕು. ಅಂದರೆ ನಿಮ್ಮ ಮೊದಲ ಹಿರಿಯರ ಕಾಳಜಿಗೂ ಹಳೆಯ ಬೇರುಗಳಿವೆ. ಆದರೆ ಅದಾದ ಒಂದೇ ವರ್ಷದ ಆಸುಪಾಸಿನಲ್ಲಿ ಕಾರ್ಥೇಜಿನಲ್ಲಿ ಮಾರಿಯಂತಹ ರೋಗ ಹಬ್ಬಿದಾಗ ಅಲ್ಲಿನ ಸಭಾಧ್ಯಕ್ಷ ಸಿಪ್ರಿಯಾನನು ತನ್ನ ಜನರನ್ನು ಕೂಡಿಸಿ, ನಮ್ಮವರನ್ನಷ್ಟೇ ಪ್ರೀತಿಸಿದರೆ ಅದರಲ್ಲಿ ಹೆಚ್ಚಿನದೇನೂ ಇಲ್ಲವೆಂದು ತಿಳಿಸಿ, ಹಿಂಸಿಸಿದವರನ್ನೂ ಉಪಚರಿಸುವಂತೆ ಪ್ರೇರೇಪಿಸಿದನೆಂದು ಅವನ ಜೀವನವನ್ನು ಬರೆದ ಪೊಂತಿಯನು ತಿಳಿಸುತ್ತಾನೆ. 368–369ರ ಬರಗಾಲದಲ್ಲಿ ಕೈಸರೈಯ ನಗರದ ಕ್ರೈಸ್ತ ಗುರು ಬಸಿಲನು ಧಾನ್ಯವನ್ನು ಮುಚ್ಚಿಟ್ಟ ಸಿರಿವಂತರನ್ನು ಪ್ರಸಂಗಪೀಠದಿಂದಲೇ ತರಾಟೆಗೆ ತೆಗೆದುಕೊಂಡು ಹಸಿದವರಿಗೆ ಉಣಬಡಿಸಿದನು. ಮುಂದೆ ನಗರದ ಹೊರಗೆ ಬಡವರಿಗೆ, ಪ್ರಯಾಣಿಕರಿಗೆ, ಕುಷ್ಠರೋಗಿಗಳಿಗೆ ಒಂದು ದೊಡ್ಡ ಆಶ್ರಯತಾಣವನ್ನೇ ಕಟ್ಟಿಸಿದನು.

ಇಂತಹ ಚರ್ಚೆಗಳಲ್ಲಿ ಎಲ್ಲರೂ ಮೊದಲು ತೆರೆಯುವುದು, ಅಲ್ಪನಾದವನಿಗೆ ಮಾಡಿದ್ದನ್ನು ನನಗೇ ಮಾಡಿದಿರಿ ಎಂಬ ಮಾತಿರುವ ಮತ್ತಾಯ 25ನೆಯ ಅಧ್ಯಾಯವನ್ನು. ನಾನು ಬೇಕೆಂದೇ ಅದನ್ನು ಬದಿಗಿಟ್ಟಿದ್ದೇನೆ. 'ಈ ನನ್ನ ಸಹೋದರರಲ್ಲಿ ಅಲ್ಪನಾದವನು' ಎಂದರೆ ಸಂಕಟದಲ್ಲಿರುವ ಯಾವ ಮನುಷ್ಯನಾದರೂ ಸರಿಯೆಂದು ಕೆಲವರು, ಕ್ರಿಸ್ತನ ಶಿಷ್ಯರು ಮಾತ್ರವೆಂದು ಕೆಲವರು ವಾದಿಸುತ್ತಾರೆ. ನಿಮ್ಮ ಕೂಟದಲ್ಲಿ ಆ ವಾದ ಮತ್ತೊಂದು ಸಂಜೆಯನ್ನು ನುಂಗಿಬಿಡಬಹುದು. ಅದಕ್ಕಿಂತ ಲೂಕ 10ನೆಯ ಅಧ್ಯಾಯದ ಸಮಾರ್ಯದವನ ಕಥೆಯಲ್ಲಿ ತಪ್ಪಿಸಿಕೊಳ್ಳಲು ಸಂದು ಕಡಿಮೆ. ಕಳ್ಳರು ಹೊಡೆದು ಬಿಟ್ಟುಹೋದವನನ್ನು ಇಬ್ಬರು ಕಂಡೂ ದಾಟಿಹೋದರು, ಪರಕೀಯನಾದ ಸಮಾರ್ಯದವನು ಮಾತ್ರ ಉಪಚರಿಸಿದನು ಎಂಬುದು ಆ ಕಥೆ. ನನ್ನ ನೆರೆಯವನು ಯಾರು ಎಂದು ಧರ್ಮೋಪದೇಶಕನು ಕೇಳಿದಾಗ ಯೇಸು ಅದಕ್ಕೆ ನೇರವಾಗಿ ಉತ್ತರಿಸುವುದಿಲ್ಲ. ಕಳ್ಳರ ಕೈಗೆ ಸಿಕ್ಕವನಿಗೆ ಈ ಮೂವರಲ್ಲಿ ಯಾರು ನೆರೆಯವನಾದನು ಎಂದು ಕೇಳಿ ಪ್ರಶ್ನೆಯ ದಿಕ್ಕನ್ನೇ ತಿರುಗಿಸುತ್ತಾನೆ. ನೆರವಿಗೆ ಯಾರು ಅರ್ಹರು ಎಂಬ ಪಟ್ಟಿಯನ್ನು ತಯಾರಿಸಲು ಕುಳಿತವನಿಗೆ ಆ ಪಟ್ಟಿ ಸಿಗಲೇ ಇಲ್ಲ. ನಿಮ್ಮ ಸಮಿತಿ ಮೂರು ಕೂಟಗಳಿಂದ ತಯಾರಿಸುತ್ತಿರುವುದೂ ಅದೇ ಪಟ್ಟಿಯಲ್ಲವೇ?


ಉತ್ತರ — ಒಬ್ಬ ಸಭಾಪಾಲಕ

ಮೇಲಿನ ಸಹೋದರರ ಪಾಂಡಿತ್ಯಕ್ಕೆ ತಲೆಬಾಗುತ್ತೇನೆ. ಆದರೂ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕಾಗಿದೆ. ಅದನ್ನು ಸೇವೆಗೆ ವಿರೋಧವೆಂದು ಯಾರೂ ತಿಳಿಯಬಾರದು.

ಅವರು ಲೂಕ 10ನೆಯ ಅಧ್ಯಾಯದಲ್ಲಿ 37ನೆಯ ವಚನಕ್ಕೆ ನಿಂತುಬಿಟ್ಟರು. ಅದರ ಬೆನ್ನಿಗೇ ಲೂಕನು ಮಾರ್ಥ ಮತ್ತು ಮರಿಯಳ ಮನೆಗೆ ನಮ್ಮನ್ನು ಕರೆದೊಯ್ಯುತ್ತಾನೆ. ಅಲ್ಲಿ ಮಾರ್ಥಳು ಬಹಳ ಸೇವೆಯಿಂದ ಬೇಸತ್ತಳು ಎನ್ನುವಾಗ ಇರುವ ಪದವೂ ಅದೇ ದಿಯಕೋನಿಯಾ. ಮರಿಯಳು ಕರ್ತನ ಪಾದದ ಬಳಿ ಕುಳಿತು ವಾಕ್ಯವನ್ನು ಕೇಳುತ್ತಿದ್ದಳು. ಅವಳು ಉತ್ತಮ ಭಾಗವನ್ನು ಆರಿಸಿಕೊಂಡಳು ಎಂದು ಯೇಸುವೇ ಹೇಳಿದನು. ಸಮಾರ್ಯದವನ ಕಥೆಯ ಕೊನೆಯಲ್ಲಿ ಬರುವ ಹೋಗಿ ಹಾಗೆಯೇ ಮಾಡು ಎಂಬ ಮಾತಿನ ಪಕ್ಕದಲ್ಲೇ ಕುಳಿತು ಕೇಳು ಎಂಬ ಮಾತನ್ನು ಲೂಕನು ಸುಮ್ಮನೆ ಇಟ್ಟಿಲ್ಲ.

ಹಿಂದೆ ನಾನು ಪಾಲನೆ ಮಾಡಿದ ಒಂದು ಸಭೆಯಲ್ಲಿ ವಾರಕ್ಕೊಮ್ಮೆ ಊಟ ಹಂಚುವ ಕಾರ್ಯವನ್ನು ಬಹಳ ಹುರುಪಿನಿಂದ ಆರಂಭಿಸಿದೆವು. ಎರಡು ವರ್ಷಗಳಲ್ಲಿ ಅದು ವಾರಕ್ಕೆ ನಾಲ್ಕು ದಿನವಾಯಿತು. ಹೊರಗಿನಿಂದ ಹಣ ಬಂತು. ಹಣದ ಹಿಂದೆಯೇ ವರದಿಗಳು, ಭೇಟಿಗಳು, ಫಲಕಗಳು ಬಂದವು. ಸಮಿತಿಯ ಕೂಟದಲ್ಲಿ ಪ್ರಾರ್ಥನೆ ಮೊದಲ ಎರಡು ನಿಮಿಷಕ್ಕೆ ಇಳಿಯಿತು. ಅಡುಗೆ ಮಾಡುತ್ತಿದ್ದವರು ಮೊದಲಿನಿಂದ ಕೊನೆಯ ತನಕ ಅದೇ ಆರು ಮಂದಿ ಸ್ತ್ರೀಯರು, ಅವರಲ್ಲಿ ಇಬ್ಬರು ಆರಾಧನೆಗೆ ಬರುವುದನ್ನೇ ಬಿಟ್ಟರು. ಅವರಲ್ಲಿ ಒಬ್ಬರು ನನಗೆ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: 'ಅಯ್ಯನವರೇ, ನನಗೆ ಈಗ ಆಲಯ ಎಂದರೆ ಪಾತ್ರೆಗಳ ನೆನಪಷ್ಟೇ ಬರುತ್ತದೆ.' ಆ ಕಾರ್ಯಕ್ರಮವನ್ನು ಪ್ರಸಂಗಪೀಠದಿಂದ ಹೊಗಳುತ್ತಿದ್ದವನು ನಾನೇ. ಅಡುಗೆಮನೆಗೆ ಹೋಗಿ ಅವರ ಮುಖವನ್ನು ನೋಡದೆ ಇದ್ದವನೂ ನಾನೇ.

ಆದುದರಿಂದ ಕಾರ್ಯದರ್ಶಿಯವರೇ, ನಿಮ್ಮ ಎರಡನೆಯ ಹಿರಿಯರು ಹೇಳಿದ್ದನ್ನು ಜಿಪುಣತನವೆಂದು ತಳ್ಳಿಹಾಕಬೇಡಿ. ಅವರ ಭಯಕ್ಕೆ ಕಾರಣವಿರಬಹುದು. ಸೇವೆಯನ್ನು ಸಭೆಯ ಕರೆಯೆಂದು ಒಪ್ಪುವುದಾದರೆ ಅದನ್ನು ಇಡೀ ಸಭೆ ಹೊರಬೇಕು. ಕೆಲವರ ಬೆನ್ನಿನ ಮೇಲೆ ಹೊರಿಸಿ ಉಳಿದವರು ಅದರ ಹೆಸರನ್ನು ಪಡೆದುಕೊಳ್ಳುವುದಾದರೆ ಆರಂಭಿಸದಿರುವುದೇ ಮೇಲು.

ಕರಪತ್ರದ ವಿಷಯದಲ್ಲಿ ಮಾತ್ರ ನನಗೆ ಸಂಶಯವಿಲ್ಲ. ಲೂಕ 17ನೆಯ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಗುಣಹೊಂದಿದರು, ಒಬ್ಬನು ಮಾತ್ರ ಕೃತಜ್ಞತೆ ಹೇಳಲು ಹಿಂತಿರುಗಿ ಬಂದನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳಿದ್ದುಂಟು. ಆದರೆ ಅವರ ಮೈಗೆ ರೋಗವನ್ನು ಮರಳಿಸಲಿಲ್ಲ.


ಉತ್ತರ — ನಿವೃತ್ತ ಖಜಾಂಚಿ

ನಾನು ಹತ್ತೊಂಬತ್ತು ವರ್ಷ ಒಂದು ಸಭೆಯ ಲೆಕ್ಕಪತ್ರಗಳನ್ನು ನೋಡಿಕೊಂಡವನು. ವೇದಪಂಡಿತನಲ್ಲ. ಆದರೆ ಸಭೆಯ ಮನಸ್ಸು ಎಲ್ಲಿದೆ ಎಂಬುದು ಪ್ರಸಂಗಕ್ಕಿಂತ ಲೆಕ್ಕದ ಪುಸ್ತಕದಲ್ಲಿ ಸ್ಪಷ್ಟವಾಗಿ ಕಾಣುತ್ತದೆ ಎಂಬುದು ನನ್ನ ಅನುಭವ.

ಹತ್ತರಲ್ಲೊಂದು ಪಾಲು ಎಂದು ನಿಮ್ಮ ಯುವಕರು ಹೇಳಿದ್ದು ಹೊಸ ಮಾತೇನಲ್ಲ. ಧರ್ಮೋಪದೇಶಕಾಂಡ 14ನೆಯ ಅಧ್ಯಾಯದ ಕೊನೆಯಲ್ಲಿ ಮೂರು ವರ್ಷಕ್ಕೊಮ್ಮೆ ಆ ವರ್ಷದ ಬೆಳೆಯ ದಶಮಾಂಶವನ್ನೆಲ್ಲ ಊರಿನಲ್ಲೇ ಕೂಡಿಟ್ಟು, ದೇವರ ಸೇವೆಗೆ ನಿಂತ ಲೇವಿಯರೊಂದಿಗೆ ಪರದೇಶಿಗಳೂ ಅನಾಥರೂ ವಿಧವೆಯರೂ ಬಂದು ತೃಪ್ತಿಯಾಗಿ ಉಣ್ಣಲಿ ಎಂಬ ವಿಧಿಯಿದೆ. ದೇವರ ಸೇವೆಗೆ ನಿಂತವನಿಗೂ ನೆಲವಿಲ್ಲದ ಪರದೇಶಿಗೂ ಒಂದೇ ರಾಶಿಯಿಂದ ಪಾಲು. ಇದನ್ನು ಓದಿದ ಮೇಲೆ, ಪಾಲಕರ ಸಂಬಳ ಸಭೆಯ ಖರ್ಚು, ಬಡವರಿಗೆ ಕೊಡುವುದು ಧರ್ಮದ ಖರ್ಚು ಎಂದು ಎರಡು ತಲೆಬರಹಗಳಲ್ಲಿ ಬರೆಯುತ್ತಿದ್ದುದನ್ನು ನಾನು ನಿಲ್ಲಿಸಿದೆ.

ಹಣವನ್ನು ತೆಗೆದಿಡುವುದಕ್ಕಿಂತ ಕಷ್ಟವಾದದ್ದು ಅದನ್ನು ಹಂಚುವುದು. ಯೆರೂಸಲೇಮಿನ ಬಡವರಿಗಾಗಿ ಸಭೆಗಳಿಂದ ಹಣ ಕೂಡಿಸಿದಾಗ ಪೌಲನು ಅದನ್ನು ಒಬ್ಬನೇ ಒಯ್ಯಲು ಒಪ್ಪಲಿಲ್ಲ; ಸಭೆಗಳೇ ಆರಿಸಿದ ಸಹೋದರನನ್ನು ಜೊತೆಗಿಟ್ಟುಕೊಂಡು, ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಪ್ಪು ಹೊರಿಸಬಾರದೆಂದೂ, ಕರ್ತನ ಮುಂದೆ ಮಾತ್ರವಲ್ಲದೆ ಮನುಷ್ಯರ ಮುಂದೆಯೂ ನೆಟ್ಟಗಿರಬೇಕೆಂದೂ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೆಯ ಅಧ್ಯಾಯದಲ್ಲಿ ವಿವರಿಸಿದನು. 1523ರಲ್ಲಿ ಜರ್ಮನಿಯ ಲೈಸ್ನಿಗ್ ಎಂಬ ಸಣ್ಣ ಪಟ್ಟಣದ ಸಭೆ ಧರ್ಮಸುಧಾರಕ ಲೂಥರನ ಸಲಹೆಯಂತೆ ಬಡವರ ಪೋಷಣೆಗೂ ಸಭೆಯ ಇತರ ಅಗತ್ಯಗಳಿಗೂ ಒಂದು ಸಾಮಾನ್ಯ ಪೆಟ್ಟಿಗೆಯನ್ನು ಇಟ್ಟಿತು. ಆ ಪೆಟ್ಟಿಗೆಗೆ ನಾಲ್ಕು ಬೇರೆ ಬೇರೆ ಬೀಗಗಳು: ಒಂದು ಕೀಲಿ ಕುಲೀನರಲ್ಲಿ, ಒಂದು ನಗರಸಭೆಯಲ್ಲಿ, ಒಂದು ಪಟ್ಟಣದ ಜನರಲ್ಲಿ, ಒಂದು ಹಳ್ಳಿಯ ರೈತರಲ್ಲಿ. ನಾಲ್ವರೂ ಕೂಡದೆ ಅದು ತೆರೆಯುತ್ತಿರಲಿಲ್ಲ. ಈ ಸಂಗತಿಯನ್ನು ಓದಿದ ದಿನ ನನಗಾದ ಸಂತೋಷ ಖಜಾಂಚಿಯಾದವರಿಗೆ ಮಾತ್ರ ಅರ್ಥವಾದೀತು.

ಮೊದಲ ಉತ್ತರ ಬರೆದವರು ಕೈಬಿಟ್ಟ ಒಂದು ವಿವರ ನನ್ನ ದೃಷ್ಟಿಯಲ್ಲಿ ಬಹಳ ಮುಖ್ಯ. ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದಲ್ಲಿ ಆಯ್ಕೆಯಾದ ಏಳು ಮಂದಿಯ ಹೆಸರುಗಳನ್ನು ಓದಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ದೂರು ಕೊಟ್ಟವರು ಗ್ರೀಕ್ ಮಾತಿನವರು. ಹಂಚುವ ಅಧಿಕಾರ ಹೆಚ್ಚುಕಡಿಮೆ ಅವರ ಕಡೆಯವರ ಕೈಗೇ ಹೋಯಿತೆಂದು ತೋರುತ್ತದೆ. ನಿಮ್ಮ ಸಮಿತಿಯಲ್ಲಿ ಆ ಒಂಟಿ ವೃದ್ಧರಲ್ಲಿ ಒಬ್ಬರಾಗಲಿ, ವಲಸೆ ಬಂದ ಕುಟುಂಬದವರಲ್ಲಿ ಒಬ್ಬರಾಗಲಿ ಮಾತನಾಡಿದ್ದಾರೆಯೇ? ಅವರಿಗೆ ಏನು ಬೇಕೆಂದು ನಿಮ್ಮಲ್ಲಿ ಯಾರಾದರೂ ಕೇಳಿದ್ದೀರಾ? ನಿಮ್ಮ ಬರಹದಲ್ಲಿ ನನಗೆ ಅದು ಕಾಣಲಿಲ್ಲ.

ಸಭಾಂಗಣದ ಬಗ್ಗೆ ಎರಡು ಮಾತು ಹೇಳಿ ಮುಗಿಸುತ್ತೇನೆ. ವಾರದಲ್ಲಿ ಆರು ದಿನ ಬೀಗ ಬಿದ್ದಿರುವ ಕೋಣೆಯನ್ನು ತೆರೆಯಲು ದೀಪದ ಖರ್ಚು ಬಿಟ್ಟರೆ ಹೆಚ್ಚೇನೂ ತಗಲುವುದಿಲ್ಲವಾದ್ದರಿಂದ ಅದನ್ನೇ ಮೊದಲು ಮಾಡಿ. ಆದರೆ ಮಕ್ಕಳು ಬರುವ ಕಡೆ ಯಾವ ವೇಳೆಯಲ್ಲೂ ಒಬ್ಬರೇ ದೊಡ್ಡವರು ಇರಬಾರದು, ಕನಿಷ್ಠ ಇಬ್ಬರಿರಬೇಕು; ಬಾಗಿಲು ತೆರೆದೇ ಇರಬೇಕು; ಹೆತ್ತವರ ಒಪ್ಪಿಗೆ ಬರಹದಲ್ಲಿರಬೇಕು; ದೂರು ಯಾರ ಬಳಿ ಹೇಳಬೇಕೆಂಬುದು ಮಕ್ಕಳಿಗೂ ತಿಳಿದಿರಬೇಕು. ಅವರು ನಮ್ಮ ಸಭೆಯವರೇ, ಒಳ್ಳೆಯವರು ಎಂಬ ಭರವಸೆಯನ್ನು ನಿಯಮದ ಜಾಗದಲ್ಲಿ ಕೂರಿಸಬೇಡಿ.


ಉತ್ತರ — ಪಡೆದವಳು

ಇಲ್ಲಿ ಬರೆದವರೆಲ್ಲರೂ ಕೊಡುವ ಕಡೆ ನಿಂತವರು. ನಾನು ಪಡೆಯುವ ಕಡೆ ನಿಂತಿದ್ದವಳು. ಅಲ್ಲಿಂದ ಕಂಡದ್ದನ್ನು ಬರೆಯುತ್ತೇನೆ.

ನನಗೆ ಹನ್ನೊಂದು ವರ್ಷವಾಗಿದ್ದಾಗ ತಂದೆ ತೀರಿಹೋದರು. ಆಗ ನಾವು ಯಾವ ಸಭೆಗೂ ಸೇರಿದವರಾಗಿರಲಿಲ್ಲ. ಹತ್ತಿರದ ಒಂದು ಸಭೆಯವರು ಪ್ರತಿ ತಿಂಗಳು ದಿನಸಿಯ ಚೀಲ ಕೊಡುತ್ತಿದ್ದರು. ಅದರಿಂದ ನಮ್ಮ ಹೊಟ್ಟೆ ತುಂಬಿತು ಎಂಬುದನ್ನು ನಾನು ಎಂದೂ ಮರೆಯುವುದಿಲ್ಲ, ಮರೆಯಲೂಬಾರದು. ಆದರೆ ಚೀಲವನ್ನು ಪಡೆಯುವಾಗ ಸಾಲಿನಲ್ಲಿ ನಿಲ್ಲಿಸಿ, ಕೊಡುವವರ ಕೈಯೂ ಪಡೆಯುವವರ ಮುಖವೂ ಕಾಣುವಂತೆ ಚಿತ್ರ ತೆಗೆಯುತ್ತಿದ್ದರು. ಆ ಚಿತ್ರಗಳಲ್ಲೊಂದು ಅವರ ವಾರ್ಷಿಕ ಪತ್ರಿಕೆಯಲ್ಲಿ ಅಚ್ಚಾಯಿತು. ನನ್ನ ತರಗತಿಯ ಹುಡುಗಿಯೊಬ್ಬಳು ಅದನ್ನು ಶಾಲೆಗೆ ತಂದಳು. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂಬ ಮಾತನ್ನು ನಾನು ಎಷ್ಟೋ ವರ್ಷಗಳ ನಂತರ ಮತ್ತಾಯ 6ನೆಯ ಅಧ್ಯಾಯದಲ್ಲಿ ಓದಿದಾಗ ಮೊದಲು ಕಣ್ಣ ಮುಂದೆ ಬಂದದ್ದು ಆ ಪುಟ.

ಚೀಲದಲ್ಲಿ ಕರಪತ್ರವೂ ಇರುತ್ತಿತ್ತು. ಅದನ್ನು ಇಡಬಾರದೆಂದು ಕಡ್ಡಾಯವಾಗಿ ಹೇಳುವ ಹಕ್ಕು ನನಗಿಲ್ಲ; ತಾವು ನಂಬಿದ್ದನ್ನು ಇನ್ನೊಬ್ಬರಿಗೆ ಹೇಳಬೇಕೆಂಬ ಆಸೆ ಸಹಜ, ನನಗೂ ಈಗ ಆ ಆಸೆಯಿದೆ. ಆದರೆ ಅಂದು ಅದನ್ನು ಓದಿದ ನನ್ನ ತಾಯಿ ಕೇಳಿದ್ದು ಒಂದೇ ಮಾತು: 'ಭಾನುವಾರ ಹೋಗದಿದ್ದರೆ ಮುಂದಿನ ತಿಂಗಳು ಕೊಡುತ್ತಾರೋ ಇಲ್ಲವೋ?' ಕೊಟ್ಟವರ ಮನಸ್ಸಿನಲ್ಲಿ ಅಂತಹ ಷರತ್ತು ಇರಲಿಲ್ಲವೆಂದು ನಾನು ಇಂದು ಬಲ್ಲೆ. ಹಸಿದವಳಿಗೆ ಅದು ತಿಳಿಯುವ ದಾರಿ ಇರಲಿಲ್ಲ. ಇಲ್ಲವೆನ್ನಲು ಆಗದವರ ಮುಂದೆ ಇಟ್ಟ ಆಹ್ವಾನಕ್ಕೆ ಅವರು ಹೂಂ ಎಂದರೆ ಅದರಲ್ಲಿ ನಂಬಿಕೆ ಎಷ್ಟು, ಭಯ ಎಷ್ಟು ಎಂದು ಕೊಟ್ಟವರಿಗಾದರೂ ಹೇಗೆ ತಿಳಿಯಬೇಕು?

ನಮ್ಮ ತಾಯಿಯನ್ನು ಕೊನೆಗೆ ಆ ಆಲಯದ ಒಳಗೆ ಕರೆತಂದದ್ದು ಬೇರೆಯೇ ಸಂಗತಿ. ಆ ಸಭೆಯ ಒಬ್ಬ ಅಜ್ಜಿ ಒಂದು ಸಂಜೆ ನಮ್ಮ ಮನೆಗೆ ಬಂದು, ಬಟ್ಟೆಯೊಂದನ್ನು ಮುಂದೆ ಹರಡಿ, ಈ ಹೊಲಿಗೆ ನನಗೆ ಬರುವುದಿಲ್ಲ, ನೀನು ಚೆನ್ನಾಗಿ ಹೊಲಿಯುತ್ತೀಯಂತೆ, ಕಲಿಸಿಕೊಡುತ್ತೀಯಾ ಎಂದು ಕೇಳಿದರು. ತಂದೆ ಸತ್ತ ಮೇಲೆ ನಮ್ಮಿಂದ ಏನನ್ನಾದರೂ ಕೇಳಿದವರು ಅವರೊಬ್ಬರೇ. ಯೋಹಾನ 4ನೆಯ ಅಧ್ಯಾಯದಲ್ಲಿ ಯೇಸು ಸಮಾರ್ಯದ ಸ್ತ್ರೀಗೆ ಜೀವಜಲದ ಮಾತನ್ನು ಹೇಳುವ ಮೊದಲು, ಕುಡಿಯಲು ನೀರು ಕೊಡು ಎಂದು ಅವಳನ್ನೇ ಕೇಳುತ್ತಾನೆ. ಈ ಭಾಗವನ್ನು ಓದುವಾಗಲೆಲ್ಲ ನನಗೆ ಆ ಅಜ್ಜಿಯ ನೆನಪಾಗುತ್ತದೆ.

ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ಹೊಲದ ಅಂಚಿನ ಪೈರನ್ನು ಕೊಯ್ಯದೆ, ಬಿದ್ದ ತೆನೆಗಳನ್ನು ಹೆಕ್ಕದೆ ಬಡವರಿಗೂ ಪರದೇಶಿಗಳಿಗೂ ಬಿಟ್ಟುಬಿಡಬೇಕೆಂಬ ನಿಯಮವಿದೆ. ಹೊಲದವನು ಕೊಯ್ದು, ಕಟ್ಟಿ, ಅವರ ಬಾಗಿಲಿಗೆ ಒಯ್ದು ಕೊಡಲಿ ಎಂದು ಅಲ್ಲಿ ಬರೆದಿಲ್ಲ. ಬೈಬಲಿನ ರೂತಳೆಂಬ ಪರದೇಶಿ ವಿಧವೆ ತಾನೇ ಹೊಲಕ್ಕೆ ಹೋಗಿ, ತಾನೇ ಹಕ್ಕಲಾಯ್ದು, ತಾನೇ ಬಡಿದು, ಅತ್ತೆಯ ಮನೆಗೆ ಹೊತ್ತು ತಂದಳು. ಅದು ಅವಳ ದುಡಿಮೆಯಾಗಿತ್ತು.


ಪ್ರತಿಕ್ರಿಯೆ — ವಾಕ್ಯಾರ್ಥಿ

ಸಭಾಪಾಲಕರು ಮಾರ್ಥಳ ಪ್ರಸಂಗವನ್ನು ಎತ್ತಿ ನನ್ನನ್ನು ಸರಿಯಾಗಿಯೇ ತಡೆದರು. ಆ ಪದ ಅಲ್ಲಿಯೂ ಇರುವುದನ್ನು ನಾನು ಗಮನಿಸಬೇಕಿತ್ತು. ಒಂದನ್ನು ಮಾತ್ರ ಸೇರಿಸಲು ಅನುಮತಿ ಬೇಡುತ್ತೇನೆ. ಮಾರ್ಥಳು ಸೇವೆ ಮಾಡುತ್ತಿದ್ದಾಳೆಂದು ಯೇಸು ಆಕ್ಷೇಪಿಸಲಿಲ್ಲ; ಅವಳು ಅನೇಕ ವಿಷಯಗಳಲ್ಲಿ ಚಿಂತೆಗೂ ಗಡಿಬಿಡಿಗೂ ಒಳಗಾಗಿದ್ದಾಳೆ ಎಂದನು. ಯೋಹಾನ 12ನೆಯ ಅಧ್ಯಾಯದಲ್ಲಿ ಅದೇ ಮಾರ್ಥಳು ಮತ್ತೆ ಉಪಚಾರ ಮಾಡುತ್ತಿರುತ್ತಾಳೆ, ಅಲ್ಲಿ ಅವಳನ್ನು ಯಾರೂ ಏನೂ ಅನ್ನುವುದಿಲ್ಲ. ಆದರೂ ಆ ಆರು ಮಂದಿ ಸ್ತ್ರೀಯರ ವಿಷಯದಲ್ಲಿ ನನ್ನ ಬಳಿ ಉತ್ತರವಿಲ್ಲ. ಸಭಾಪಾಲಕರ ಮಾತೇ ಉಳಿಯಲಿ.


ಪ್ರತಿಕ್ರಿಯೆ — ಕಿರಿಯ ಕಾರ್ಯದರ್ಶಿ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಖಜಾಂಚಿಯವರು ಕೇಳಿದ ಪ್ರಶ್ನೆಗೆ ನನ್ನ ಉತ್ತರ: ಇಲ್ಲ, ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ನಿನ್ನೆ ಸಂಜೆ ಮೊದಲನೆಯ ಆಕ್ಷೇಪವೆತ್ತಿದ ಹಿರಿಯರನ್ನೇ ಜೊತೆಗೆ ಕರೆದುಕೊಂಡು ಆಲಯದ ಹಿಂದಿನ ಸಾಲಿನಲ್ಲಿರುವ ಒಬ್ಬ ವೃದ್ಧರ ಮನೆಗೆ ಹೋದೆ. ಅವರಿಗೆ ದಿನಸಿಯೂ ಬೇಡ, ಹಣವೂ ಬೇಡ. ಕಣ್ಣು ಮಂಜಾಗಿರುವುದರಿಂದ ಮಗನು ಬರೆದ ಕಾಗದಗಳನ್ನೂ ಪಿಂಚಣಿಯ ಪತ್ರಗಳನ್ನೂ ಓದಿ ಹೇಳುವವರು ಬೇಕಂತೆ. ಹಿರಿಯರು ಅಲ್ಲಿಯೇ ಕುಳಿತು ಮೂರು ಕಾಗದಗಳನ್ನು ಓದಿ ಹೇಳಿದರು. ಬರುವ ಗುರುವಾರ ಮತ್ತೆ ಹೋಗುತ್ತಾರಂತೆ.

ಆಯವ್ಯಯದಲ್ಲಿ ಹತ್ತರಲ್ಲೊಂದು ಪಾಲಿನ ಮಾತು ಇನ್ನೂ ತೀರ್ಮಾನವಾಗಿಲ್ಲ. ಸಭಾಂಗಣವನ್ನು ವಾರಕ್ಕೆ ಎರಡು ಸಂಜೆ ತೆರೆಯಬೇಕು, ಆ ಕೆಲಸಕ್ಕೆ ಸರದಿಯ ಪಟ್ಟಿಯನ್ನು ಸಭೆಯ ಎಲ್ಲ ಮನೆಗಳಿಂದ ಮಾಡಬೇಕು, ಅದರಲ್ಲಿ ಸಮಿತಿಯವರ ಹೆಸರುಗಳು ಮೊದಲಿರಬೇಕು ಎಂದು ನಾಲ್ಕನೆಯ ಕೂಟದಲ್ಲಿ ನಾನು ಸೂಚಿಸಲಿದ್ದೇನೆ. ಮಕ್ಕಳ ಸುರಕ್ಷತೆಯ ನಿಯಮಗಳನ್ನು ಬರೆಯಲು ಕುಳಿತಿದ್ದೇನೆ. ದೂರನ್ನು ಕೇಳುವ ವ್ಯಕ್ತಿ ಸಮಿತಿಯ ಒಳಗಿನವರಾಗಿರಬೇಕೋ ಹೊರಗಿನವರಾಗಿರಬೇಕೋ ಎಂಬಲ್ಲಿ ಬರಹ ನಿಂತಿದೆ; ಖಜಾಂಚಿಯವರು ಅನುಭವದಿಂದ ತಿಳಿಸಿದರೆ ಉಪಕಾರವಾಗುತ್ತದೆ.


ಪ್ರತಿಕ್ರಿಯೆ — ನಿವೃತ್ತ ಖಜಾಂಚಿ

ಹೊರಗಿನವರು. ಸಾಧ್ಯವಾದರೆ ಇಬ್ಬರು, ಅವರಲ್ಲಿ ಒಬ್ಬರು ಸ್ತ್ರೀ. ಅವರ ಹೆಸರನ್ನು ಮಕ್ಕಳ ಕಣ್ಣಿನ ಎತ್ತರಕ್ಕೆ ಗೋಡೆಯ ಮೇಲೆ ಬರೆದು ಹಾಕಿ.